ತಿಥಿ ಕಾರ್ಡಿನ ತಪ್ಪು ಫೋಟೊ

ಸಂತೇಬಾಚಹಳ್ಳಿಯ ಗುಜರಿ ಅಂಗಡಿಯಲ್ಲಿ ನಾನು ಆರಿಸಿಕೊಂಡ ಹಳೆಯ ತಿಥಿ ಕಾರ್ಡಿನ ಫೋಟೊದಲ್ಲಿದ್ದವರು ನನ್ನ ಪಕ್ಕದಲ್ಲೇ ನಿಂತು ತಗಡು ತೂಗಿಸುತ್ತಿದ್ದರು. ಕಾರ್ಡನ್ನೂ ಅವರ ಮುಖವನ್ನೂ ಮತ್ತೆ ಮತ್ತೆ ನೋಡಿದೆ.

“ಸತ್ತಿದ್ದು ನಮ್ಮಣ್ಣ ಸಾ. ಪ್ರೆಸ್ಸಿನೋರು ನನ್ ಫೋಟೊ ಹಾಕ್ಬುಟ್ರು,” ಎಂದರು. “ತಿಥಿಗೆ ಬಂದೋರೆಲ್ಲ ನನ್ನ ತಬ್ಕಂಡು, ಸದ್ಯ ನೀನು ಬದುಕಿದ್ದೀಯಲ್ಲ ಅಂತ ಖುಷಿಪಟ್ರು. ಅಣ್ಣಂಗೋಸ್ಕರ ಅಳಾಕೆ ನಾನೊಬ್ನೇ ಉಳ್ಕಂಡೆ.”

ಇಂಥ ಕಾಗದಗಳನ್ನು ಕೂಡಿಡುವುದು ನನ್ನ ಹವ್ಯಾಸ ಎಂದು ಹೇಳಿ, ಕಾರ್ಡನ್ನು ಅವರಿಗೇ ಕೊಡಲು ಹೋದೆ. ಅವರು ಮೊಬೈಲ್ ಕವರಿನೊಳಗಿಂದ ಅಣ್ಣನ ಚಿಕ್ಕ ಫೋಟೊ ತೆಗೆದು ನನಗೇ ಕೊಟ್ಟರು. “ಮನೇಲಿ ಇನ್ನೊಂದದೆ. ಇದನ್ನ ನನ್ ಮುಖದ್ ಮ್ಯಾಲೆ ಅಂಟ್ಸಿ ಮಡಿಕ್ಕಳಿ.”

ಮನೆಗೆ ಬಂದು ಗೋಂದು ಹಚ್ಚಿದೆ. ತಮ್ಮನನ್ನು ಮುಚ್ಚಲು ಮನಸ್ಸು ಬರಲಿಲ್ಲ. ಅಣ್ಣನನ್ನು ಪಕ್ಕದಲ್ಲಿ ಅಂಟಿಸಿದೆ.