ನಿನ್ನೆಯ ಸೊಪ್ಪು ನೋಡು ಎಂದ ಓರಗಿತ್ತಿ

ನನ್ನ ಮೊಮ್ಮಗಳು ಇವತ್ತು ಬಾಶೆಟ್ಟಿಹಳ್ಳಿಯ ಕಾರ್ಖಾನೆಯಿಂದ ತಾನೇ ಸ್ಕೂಟರ್ ಓಡಿಸಿಕೊಂಡು ಮನೆಗೆ ಬಂದಳು! ಒಬ್ಬಳೇ ಬಂದಳು, ನಗುತ್ತಾ ಬಂದಳು. ಊರಿನ ಹುಡುಗಿಯರೆಲ್ಲ ಓಡಿಸುತ್ತಾರೆ, ಇದರಲ್ಲೇನು ದೊಡ್ಡದು ಅನ್ನಬಹುದು ನೀವು. ನಮಗೆ ದೊಡ್ಡದೇ. ಇದನ್ನು ಬರೆಯೋಣವೆಂದು ಕೂತರೆ ಮೊದಲು ಕಣ್ಣಿಗೆ ಬರುವುದು ಮೊಮ್ಮಗಳಲ್ಲ, ನನ್ನ ಓರಗಿತ್ತಿಯ ಹೆಬ್ಬೆರಳು.

ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಆ ಬೆರಳು ಕಪ್ಪಾಗಿದೆ, ತುದಿ ಸೀಳಿದೆ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಅಕ್ಕ ಅನ್ನುತ್ತೇನೆ, ಮೊಮ್ಮಗಳು ದೊಡ್ಡಜ್ಜಿ ಅನ್ನುತ್ತಾಳೆ. ನಮ್ಮಿಬ್ಬರಿಗೂ ಒಂದೇ ಅಂಗಳ, ಒಲೆ ಮಾತ್ರ ಬೇರೆ. ರೇಷ್ಮೆ ಹುಳ ಸಾಕುವುದು ಅವಳ ಕಸುಬು. ಹುಳದ ಮನೆಯೊಳಕ್ಕೆ ಕಾಲು ತೊಳೆಯದೆ ಯಾರನ್ನೂ ಬಿಡುವುದಿಲ್ಲ. ನಾನು ಒಂದು ಊದುಬತ್ತಿ ಹಚ್ಚಿದರೂ ಅಂಗಳದಿಂದಲೇ ಕೂಗುತ್ತಾಳೆ: "ನಿನ್ ದೇವ್ರಿಗೆ ಮೂಗಿಲ್ಲ ಕಣೇ, ನನ್ ಹುಳಕ್ಕೆ ಐತೆ!"

ಹೋದ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ ಮೊಮ್ಮಗಳು ಸ್ಕೂಟರ್ ತಳ್ಳಿಕೊಂಡು ಬಂದಳು. ಊರ ತಿರುವಿನಲ್ಲಿ ರಸ್ತೆ ಅರ್ಧ ಮಾಯವಾಯಿತಂತೆ, ಹೆದರಿ ಇಳಿದುಬಿಟ್ಟಿದ್ದಾಳೆ. ನನ್ನ ಕಡೆ ತಿರುಗಿ, "ಅಜ್ಜಿ, ನಿನ್ ಮುಖ ಅರ್ಧ ಕಾಣಿಸ್ತಿಲ್ಲ" ಅಂದಳು. ಕಣ್ಣೊಳಗೆ ಅಂಕುಡೊಂಕಾದ ಬೆಳಕು ಕುಣಿಯುತ್ತಿದೆ, ಬಲಗೈ ಜೋಮು ಹಿಡಿದಿದೆ ಎಂದು ಹೇಳುವಷ್ಟರಲ್ಲಿ ಮಾತು ತೊದಲಿತು. ಅಕ್ಕನ ಗಂಡ ಹೋಗಿದ್ದು ಹೀಗೇ. ಮೊದಲು ನಾಲಿಗೆ ಬಿತ್ತು, ಆಮೇಲೆ ಒಂದು ಕಡೆ ಮೈ.

ಅಕ್ಕ ಸೊಪ್ಪಿನ ಮಂಕರಿ ಹೊತ್ತು ಅಂಗಳಕ್ಕೆ ಬರುತ್ತಿದ್ದಳು. ಒಳಗೆ ಹುಳ ಕೊನೆಯ ಪೊರೆ ಕಳಚಿ ಹಸಿದು ಕೂತಿತ್ತು. ಆ ಹೊತ್ತಿಗೆ ಮೇವು ತಪ್ಪಿದರೆ ಬೆಳೆ ಕೆಟ್ಟಂತೆಯೇ. ಅವಳು ಮಂಕರಿಯನ್ನು ಅಲ್ಲೇ ಎತ್ತಿಹಾಕಿ ನಮ್ಮ ಜೊತೆ ಆಟೋ ಹತ್ತಿದಳು. ದೊಡ್ಡಬಳ್ಳಾಪುರದ ಆಸ್ಪತ್ರೆ ಮುಟ್ಟುವ ತನಕ ಹುಡುಗಿಯ ಕೈ ಬಿಡಲಿಲ್ಲ. "ಬೆರಳು ಮಡಚವ್ವಾ. ಇನ್ನೊಂದ್ಸಲ ಮಡಚು. ಇನ್ನೊಂದ್ಸಲ." ಆ ಸಲ ರೇಷ್ಮೆಗೂಡು ತೆಳ್ಳಗಾಯಿತು. ಯಾರಾದರೂ ಕೇಳಿದರೆ ಸೊಪ್ಪು ಸರಿಯಿರಲಿಲ್ಲ ಎಂದುಬಿಡುತ್ತಿದ್ದಳು.

ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರಮ್ಮ, ಇದು ಲಕ್ವ ಅಲ್ಲ, ಮೈಗ್ರೇನ್ ಅಂದರು. ಒಂದು ಪುಸ್ತಕ ಇಟ್ಟುಕೊಂಡು ತಿಂದದ್ದು, ಮಲಗಿದ್ದು, ಬಿಸಿಲು, ವಾಸನೆ, ಮುಟ್ಟಿನ ದಿನ, ಮೈಗೆ ಏನೇನಾಯಿತು, ಎಲ್ಲ ದಿನಾ ಬರೆಯಲು ಹೇಳಿದರು. ಸದ್ಯಕ್ಕೆ ಸ್ಕೂಟರ್ ಬೇಡ ಅಂದದ್ದರಿಂದ ಹುಡುಗಿ ಕಂಪನಿ ಬಸ್ಸು ಹಿಡಿದಳು.

ಹುಡುಗಿ ನೋವು ಬಂದ ದಿನ ಮಾತ್ರ ಬರೆಯುತ್ತಿದ್ದಳು. ಉಳಿದ ದಿನ ಪುಸ್ತಕವನ್ನು ಬಟ್ಟೆಯ ಕೆಳಗೆ ಹುದುಗಿಸಿಡುತ್ತಿದ್ದಳು. "ಅದನ್ನ ತೆಗೆದ್ರೇ ಎದೆ ಹೊಡ್ಕೊಳುತ್ತೆ ಅಜ್ಜಿ. ಬರೆದ್ರೆ ಕರೆದಂಗಾಗುತ್ತೆ." ನನಗೂ ಹಾಗೇ ಅನಿಸಿತ್ತು. ಕರೆಯದಿದ್ದರೂ ಅದು ಬರುತ್ತಲೇ ಇತ್ತು. ವಾಂತಿ, ಕತ್ತಲೆ ಕೋಣೆ, ಒದ್ದೆ ಬಟ್ಟೆ. ಅವಳು ಬಾಯಿ ತೆರೆದಾಗಲೆಲ್ಲ ತುಟಿ ಸೊಟ್ಟಗಾಗಿದೆಯೋ ಎಂದು ನೋಡುವುದೇ ನನ್ನ ಕೆಲಸ. ಅವಳ ಕೈಯಿಂದ ಲೋಟ ಜಾರಿದರೆ ನನ್ನ ಪ್ರಾಣ ಜಾರುತ್ತಿತ್ತು.

ಒಂದು ಸಂಜೆ ಅಕ್ಕ ಆ ಪುಸ್ತಕ ಕೇಳಿ ತೆಗೆಸಿದಳು. ಅವಳಿಗೆ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಇದ್ರಲ್ಲಿ ಬರೀ ನೋವೈತೆ. ನೋವಿನ ಹಿಂದಿನ ದಿನ ಎಲ್ಲೈತೆ? ಹುಳ ಇವತ್ತು ಮೇವು ಬಿಟ್ರೆ ನಾನು ನಿನ್ನೆ ಸೊಪ್ಪು ನೋಡ್ತೀನಿ. ನೆಂದಿತ್ತಾ, ಬಾಡಿತ್ತಾ ಅಂತ."

"ನಾನೇನ್ ನಿನ್ ಹುಳಾನಾ, ದೊಡ್ಡಜ್ಜಿ?"

"ಹುಳ ಆಗಿದ್ರೆ ಬಾಯ್ಮುಚ್ಕೊಂಡು ತಿಂತಿದ್ದೆ ಕಣೇ! ಡಾಕ್ಟ್ರು ದಿನಾ ಬರಿ ಅಂದ್ರೋ ಇಲ್ವೋ?"

"ಅಂದ್ರು."

"ಮತ್ತೆ? ಭಯ ಆದ್ರೆ ನಾನು ಪಕ್ಕದಲ್ಲಿ ಕೂತಿರ್ತೀನಿ. ಬರಿ."

ಅವತ್ತಿನಿಂದ ದಿನಾ ಸಂಜೆ ಜಗುಲಿಯ ಮೇಲೆ ವಿಚಾರಣೆ. ಬೆಳಿಗ್ಗೆ ಏನು ತಿಂದೆ, ಎಷ್ಟು ನಿದ್ದೆ ಮಾಡಿದೆ? ಇಬ್ಬರೂ ಜಗಳವಾಡುತ್ತಿದ್ದರು, ಬೈದಾಡುತ್ತಿದ್ದರು, ಬರೆಯುತ್ತಿದ್ದರು. ಪುಸ್ತಕ ತುಂಬುತ್ತಾ ಬಂದ ಮೇಲೆ ಡಾಕ್ಟರಮ್ಮನಿಗೆ ತೋರಿಸಿದೆವು. ಕಂಪನಿ ಬಸ್ಸು ತಪ್ಪೀತೆಂದು ತಿಂಡಿ ಬಿಟ್ಟು ಓಡಿದ್ದು, ಪಾಳಿ ಬದಲಾಗಿ ನಿದ್ದೆ ಕೆಟ್ಟಿದ್ದು, ಇವೆಲ್ಲ ನೋವಿನ ಹಿಂದಿನ ದಿನಗಳಲ್ಲೇ ಹೆಚ್ಚಾಗಿ ಇದ್ದವು. ಅವರು ಮಾತ್ರೆ ಬದಲಿಸಿದರು, ಒಂದೇ ಪಾಳಿಗೆ ಹಾಕುವಂತೆ ಕಾರ್ಖಾನೆಗೆ ಚೀಟಿ ಕೊಟ್ಟರು. ನೋವು ಪೂರ್ತಿ ಹೋಗಲಿಲ್ಲ, ಅಪರೂಪವಾಯಿತು. ಕಣ್ಣಲ್ಲಿ ಬೆಳಕು ಕಂಡ ತಕ್ಷಣ ಪಕ್ಕಕ್ಕೆ ನಿಲ್ಲಿಸಬೇಕು, ಹಾಗಿದ್ದರೆ ಗಾಡಿ ಓಡಿಸಬಹುದು ಎಂದು ಹೋದ ವಾರ ಹೇಳಿದರು.

ಇವತ್ತು ಬೆಳಿಗ್ಗೆ ಸ್ಕೂಟರ್ ಹೊರಟಿತು. ನಾನು, ಅಕ್ಕ ಸಂಜೆ ಗೇಟಿನ ಹತ್ತಿರ ನಿಂತೆವು. ಕಂಪನಿ ಬಸ್ಸು ಬಂದು ಹೋಯಿತು. ಅವಳ ಸ್ಕೂಟರ್ ಇನ್ನೂ ಇಲ್ಲ.

"ಫೋನ್ ಮಾಡ್ಲಾ ಅಕ್ಕ?"

"ಗಾಡಿ ಮೇಲಿರೋಳಿಗೆ ಫೋನ್ ಮಾಡ್ತಾರಾ? ಸುಮ್ನಿರೇ."

ಹೀಗಂದವಳೇ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ಚುಚ್ಚುತ್ತಿತ್ತು. ಅಷ್ಟರಲ್ಲಿ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಪೆಟ್ರೋಲ್ ಹಾಕಿಸಲು ನಿಂತಿದ್ದಳಂತೆ!

ರಾತ್ರಿ ನನ್ನ ಗಂಡ, ಮಗ, ಸೊಸೆ, ಮೊಮ್ಮಗಳು, ಅಕ್ಕ, ಎಲ್ಲ ನಮ್ಮ ನಡುಮನೆಯಲ್ಲೇ ಸಾಲಾಗಿ ಕೂತೆವು. ಮುದ್ದೆ, ಅವರೆಕಾಳು ಸಾರು. ಅಕ್ಕ ತಲೆ ಎತ್ತದೆ ನುಂಗುವುದನ್ನು ನೋಡಿ ಮೊಮ್ಮಗಳಿಗೆ ಅನುಮಾನ ಬಂತು.

"ದೊಡ್ಡಜ್ಜಿ, ಮಧ್ಯಾಹ್ನ ಉಂಡ್ಯಾ?"

ಅಕ್ಕ ಇನ್ನೊಂದು ತುತ್ತು ಮುರಿದಳು. ನಾನೂ ತಲೆ ತಗ್ಗಿಸಿದೆ. ಬೆಳಿಗ್ಗೆ ಗಾಡಿಯ ಸದ್ದು ಮರೆಯಾದ ಮೇಲೆ ಇಬ್ಬರೂ ಒಂದು ತುತ್ತೂ ತಿಂದಿರಲಿಲ್ಲ.

"ನನಗೆ ಊಟ ಬಿಡ್ಬೇಡ ಅನ್ನೋರು ನೀವೇ, ಉಪವಾಸ ಇರೋರೂ ನೀವೇನಾ?" ಎಂದು ಹುಡುಗಿ ಬಾಯಿಗೆ ಬಂದಂತೆ ಬೈದಳು. ಎಷ್ಟು ಸೊಗಸಾಗಿ ಬೈದಳು! ಒಂದು ಮಾತೂ ತೊದಲಲಿಲ್ಲ. ಈ ನಾಲಿಗೆ ಉಳಿದದ್ದೇ ನಮಗೆ ಸಾಕು. ಅಕ್ಕ ಕೇಳಿದಷ್ಟು ದಿನ ಅವಳಿಗೆ ಮುದ್ದೆ ಕಟ್ಟುವುದಕ್ಕೆ ನಾನಿದ್ದೇನೆ.

ಅಕ್ಕ ತಟ್ಟೆ ಮುಂದೆ ಸರಿಸಿದಳು. "ಬೈದಿದ್ದು ಸಾಕು, ಇನ್ನೊಂದು ಮುದ್ದೆ ಹಾಕು."