ಜಾಲಿ ಕಟ್ಟಿಗೆಯ ಮೂರು ಕಾಲು

ಹೋಳಿ ಹುಣ್ಣಿಮೆಯ ಸಂಜೆ ತಿಳವಳ್ಳಿಯ ನಮ್ಮ ಅಂಗಳದಲ್ಲಿ ನಾಲ್ಕು ಜನ ಇದ್ದೆವು: ಅವ್ವ, ನನ್ನ ಹೆಂಡತಿ, ನಾನು, ಮತ್ತು ಕೊಡಲಿಯ ಕಾವು ಕೊಡಲು ಬಂದು ನಿಂತುಕೊಂಡ ಬಡಿಗ ಕಾಕಾ. ನಡುವೆ ಕೊರಿಯರ್‌ನಲ್ಲಿ ಬಂದ ದುರ್ಬೀನು. ಹೊಸದಾಗಿ ಕಲಿಯುವವರಿಗೆಂದು ಮಾಡಿದ್ದು. ಕೊಳವೆ ಚೆನ್ನಾಗಿತ್ತು, ಮೂರು ಕಾಲಿನ ಸ್ಟ್ಯಾಂಡ್ ಮಾತ್ರ ಛತ್ರಿಯ ಕಡ್ಡಿಯಂತಿತ್ತು.

ತರಿಸಿದ್ದು ಅವ್ವನಿಗಾಗಿ. ಅವಳ ಬಲಗಣ್ಣು ಹೋಗಿ ವರ್ಷಗಳಾಗಿದ್ದವು. ಎಡಗಣ್ಣಿನ ನರವೂ ಒಣಗುತ್ತಿದೆ, ಔಷಧಿಯಿಂದ ತಡ ಮಾಡಬಹುದೇ ಹೊರತು ನಿಲ್ಲಿಸಲಾಗದು ಎಂದು ಡಾಕ್ಟರು ಹೇಳಿದ್ದರು. ಕಣ್ಣಿರುವಾಗಲೇ ಏನು ನೋಡಬೇಕು ಎಂದು ಕೇಳಿದರೆ ಅವ್ವ ಕಾಶಿ ಅನ್ನಲಿಲ್ಲ, ಶ್ರೀಶೈಲ ಅನ್ನಲಿಲ್ಲ. "ಚಂದ್ರಾಮನ್ನ ಹತ್ತಿರದಿಂದ ನೋಡ್ಬೇಕು" ಅಂದಿದ್ದಳು.

ಅವ್ವ ಬಗ್ಗಿ ಕಣ್ಣು ಹಚ್ಚಿದಳು. ಹುಬ್ಬು ತಾಗಿದ್ದೇ ತಡ, ಸ್ಟ್ಯಾಂಡ್ ಗಡಗಡ ನಡುಗಿತು.

"ಏನ್ ಕಾಣ್ತೈತ್ರಿ ಅತ್ತಿ?" ಹೆಂಡತಿ ಕೇಳಿದಳು.

"ಮೊಲ ಕಾಣ್ತೈತವಾ. ನಾಯಿ ಬೆನ್ನು ಹತ್ತಿದಂಗ ಓಡಾಕತ್ತೈತಿ."

"ಈ ಕಾಲಿಗಿಂತ ನಮ್ಮ ಕೋಳಿ ಕಾಲ ಗಟ್ಟಿ ಅದಾವು," ಎಂದರು ಕಾಕಾ.

ಅವ್ವ ಸೊಂಟ ಹಿಡಿದುಕೊಂಡು ನೆಟ್ಟಗಾದಳು. "ಸಾಕ್ ಬಿಡಪಾ, ನೋಡಿದಂಗಾತು."

ಆಗಿರಲಿಲ್ಲ. ಅವಳನ್ನು ಕೂಡ್ರಿಸಿ, ಅಲುಗಾಡದ ಚಂದ್ರನನ್ನು ತೋರಿಸದೆ ಬಿಡಬಾರದೆಂದು ನಿಶ್ಚಯಿಸಿದೆ. ಅರ್ಧ ಚಂದ್ರನ ದಿನ ನೆರಳು ಬಿದ್ದು ಎಲ್ಲವೂ ಸ್ಪಷ್ಟ ಕಾಣುತ್ತದೆಂದು ಓದಿದ್ದೆ. ಯುಗಾದಿಯ ನಂತರದ ಅಷ್ಟಮಿಗೆ ಗಟ್ಟಿ ಕಾಲು ಬೇಕೇ ಬೇಕು.

ಹಾನಗಲ್ಲಿನ ಫೋಟೋ ಸ್ಟುಡಿಯೋದಿಂದ ಒಂದು ಸ್ಟ್ಯಾಂಡ್ ತಂದೆ. ದುರ್ಬೀನಿನ ಭಾರಕ್ಕೆ ಅದು ತಲೆ ಬಾಗಿಸಿತು. ಶಿಗ್ಗಾಂವಿಯಲ್ಲಿ ಜಮೀನು ಅಳೆಯುವವರೊಬ್ಬರ ಹಳೆಯ ಮರದ ಸ್ಟ್ಯಾಂಡ್ ಇದೆಯೆಂದು ಕೇಳಿ ಬಸ್ ಹತ್ತಿದೆ. ಗಟ್ಟಿ ಇತ್ತು, ಆದರೆ ಕುಂತವರಿಗೆ ನಿಲುಕದಷ್ಟು ಎತ್ತರ. ಅವರು ಕೊಡಲೂ ಒಪ್ಪಲಿಲ್ಲ. ಕೊನೆಗೆ ಬಡಿಗ ಕಾಕಾನ ಕಟ್ಟೆಗೇ ಹೋಗಿ ಕೂತೆ. ಅಲ್ಲಿ ಬಿತ್ತನೆಯ ಕೂರಿಗೆಗಳು ರಿಪೇರಿಗೆ ಸಾಲಾಗಿ ನಿಂತಿದ್ದವು.

"ಬಿತ್ತೋರದು ಮೊದಲ, ಆಕಾಶ ನೋಡೋರದು ಆಮ್ಯಾಲ. ಅಮಾಸಿ ತನಕ ಕೈ ಬಿಡುವಿಲ್ಲ."

"ಅಮಾಸಿ ದಿನಾನ ಮಾಡಿ ಕೊಡ್ರಿ ಕಾಕಾ."

"ಅವತ್ತ ನಾ ಉಳಿ ಮುಟ್ಟಂಗಿಲ್ಲ. ಮುಟ್ಟಿದ್ರ ನಿಮ್ಮವ್ವನ ಮೊದಲ ಬೈತಾಳ."

ಯುಗಾದಿ ಮುಗಿದ ಮೇಲೆ ಮೂರು ದಿನ ಕೂತು ಜಾಲಿ ಕಟ್ಟಿಗೆಯಲ್ಲಿ ಗಿಡ್ಡ ಕಾಲುಗಳನ್ನು ಮಾಡಿದರು. ಒಂದೊಂದೂ ನನ್ನ ಮುಂಗೈ ದಪ್ಪ. ಖುಷಿಯಿಂದ ಹಿಡಿದು ಅಲುಗಾಡಿಸಿದೆ. ಪ್ರತಿ ಸಂದಿಯೂ ಕಟಕಟ ಅಂದಿತು.

"ಇದೂ ಅಲುಗಾಡ್ತೈತಲ್ರಿ."

"ಬೇಕಂತ ಬಿಟ್ಟೇನಿ. ಸಡ್ಲ ಇರಲಿಲ್ಲಂದ್ರ ಹೊಲದಾಗ ಮಣ್ಣಿನ ಹೆಂಟಿಗೆ ಬಡದು ಮುರೀತೈತಿ."

ಜೀವಮಾನವೆಲ್ಲ ಹೊಲದ ಸಾಮಾನು ಮಾಡಿದ ಕೈ. ಆಡಲು ಜಾಗ ಬಿಡದೆ ಕೂಡಿಸುವುದು ಅದಕ್ಕೆ ತಪ್ಪಾಗಿ ಕಾಣುತ್ತಿತ್ತು.

"ಇದು ಹೊಲಕ್ಕ ಹೋಗಂಗಿಲ್ಲ ಕಾಕಾ. ಅಂಗಳದಾಗ ಸುಮ್ಮನ ನಿಂದ್ರಬೇಕು, ಅಷ್ಟ."

"ಸುಮ್ಮನ ನಿಂದ್ರೂ ಸಾಮಾನು ಇದ ಮೊದಲು ಮಾಡಾಕತ್ತೇನಿ ನೋಡು," ಎನ್ನುತ್ತ ಸಂದಿಗಳಿಗೆಲ್ಲ ಬೆಣೆ ಬಡಿದು, ಮೇಲೆ ಒದ್ದೆ ಗೋಣಿ ಸುತ್ತಿಟ್ಟರು. ಬೆಳಗಾಗುವುದರಲ್ಲಿ ಕಟ್ಟಿಗೆ ಉಬ್ಬಿ ಕಚ್ಚಿಕೊಂಡಿತ್ತು.

ಅಷ್ಟಮಿಯ ಸಂಜೆ ಅರ್ಧ ಚಂದ್ರ ನೆತ್ತಿಯ ಮೇಲಿದ್ದ. ಅವ್ವ ಮಣೆಯ ಮೇಲೆ ಕೂತು, ನಡುಗೀತೆಂದು ಹೆದರಿ ಸ್ಟ್ಯಾಂಡಿನ ಒಂದು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದು ಅಲುಗಾಡಲಿಲ್ಲ. ಆಮೇಲೆ ಕೈ ಬಿಟ್ಟಳು. ಎಡಗಣ್ಣನ್ನು ಕೊಳವೆಗೆ ಹಚ್ಚಿದಳು.

"ಎಲ್ಲಾ ಕಡೆ ಕುಣಿ ಬಿದ್ದಾವಲ್ಲೋ," ಅಂದಳು ಕೊನೆಗೆ. "ನೆರಳಿನ ಅಂಚಿನ್ಯಾಗ ಬಿಸಲು ಈಗ ಬೀಳಾಕತ್ತೈತಿ. ನಮ್ಮಲ್ಲಿ ಹೊತ್ತು ಮುಳುಗೇತಿ, ಅಲ್ಲಿ ಮೂಡಾಕತ್ತೈತಿ."

ಅವಳ ಚಹಾ ಆರಿತು. ಹಿಂದೆ ನಿಂತಿದ್ದ ಕಾಕಾ ತಾಳಲಾರದೆ, "ವೈನಿ, ನಮಗೂ ಒಂದೀಟು ಬಿಡ್ರಿ" ಅಂದರು.

"ತಡಿಯಪಾ, ನಿನ್ನ ಕಣ್ಣು ಎಲ್ಲಿ ಹೊಂಟಾವು?"

ಮರುವರ್ಷದ ದೀಪಾವಳಿ ಹೊತ್ತಿಗೆ ಅವ್ವನಿಗೆ ಬಾಗಿಲ ಬೆಳಕಷ್ಟೇ ಕಾಣುತ್ತಿತ್ತು. ಹಬ್ಬ ಮುಗಿದ ವಾರಕ್ಕೆ ಹಿರೇಕೆರೂರಿನಿಂದ ಅಕ್ಕ ಬಂದಳು. ಸಂಜೆ ಅವ್ವ ಅವಳನ್ನು ದುರ್ಬೀನಿನ ಮುಂದೆ ಕೂಡ್ರಿಸಿ, ಪಕ್ಕದಲ್ಲಿ ತಾನೂ ಕೂತು, "ನಡುವ ಬ್ಯಾಡ, ಅಂಚಿನ್ಯಾಗ ನೋಡು" ಎಂದಳು. ಅಕ್ಕ ಕಂಡದ್ದನ್ನು ಒಂದೊಂದಾಗಿ ಹೇಳುತ್ತ ಹೋದಳು. ಅವ್ವ ಎರಡು ಕಡೆ ಅವಳನ್ನು ತಿದ್ದಿದಳು.