ಅಮಾವಾಸ್ಯೆಯ ಮಾರನೇ ದಿನ ಏಳದ ಕನ್ನಡ

ಕೊಳ್ಳೇಗಾಲದ ಆ ಡಿಟಿಪಿ ಅಂಗಡಿ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಇಪ್ಪತ್ತು ವರ್ಷವಾಯಿತು, ಇನ್ನಾದರೂ ಮರೆತುಬಿಡು ಅನ್ನುವವರಿದ್ದಾರೆ. ಅವರನ್ನು ಯಾರೂ ಅಂಗಡಿ ಬಾಗಿಲಲ್ಲಿ ನಿಲ್ಲಿಸಿ ಮುಟ್ಟಿನ ದಿನ ಕೇಳಿಲ್ಲ.

ಎರಡು ಸಾವಿರದ ಮೂರನೇ ಇಸವಿ. ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದ ನಾನು ಕಾಮಗೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಟೈಪು ಮಾಡುತ್ತಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಅರ್ಜಿ, ಕರಪತ್ರ, ಎಲ್ಲಕ್ಕೂ ಇದ್ದದ್ದು ಒಂದೇ ಕಂಪ್ಯೂಟರ್. ಅದರಲ್ಲಿ ಕನ್ನಡ ಮೂಡಬೇಕಾದರೆ ಒಂದು ಪ್ರೋಗ್ರಾಂ ಓಡುತ್ತಿರಬೇಕಿತ್ತು. ಸ್ವಿಚ್ ಹಾಕಿದ ಮೇಲೆ ಅದು ತಾನಾಗಿಯೇ ಎದ್ದು ಪರದೆಯ ಕೆಳಮೂಲೆಯಲ್ಲಿ ಒಂದು ಕೆಂಪು ‘ಕ’ ಬಂದು ಕೂರುವಂತೆ ಮಾಡಿಟ್ಟಿದ್ದರು. ಆ ‘ಕ’ ಬರದಿದ್ದರೆ ಯಾವ ಕೀ ಒತ್ತಿದರೂ ಬರೀ ಇಂಗ್ಲಿಷ್ ಅಕ್ಷರ ಬೀಳುತ್ತಿತ್ತು.

ಯಜಮಾನರ ಮನೆ ಅಂಗಡಿಯ ಹಿಂದೆಯೇ. ಅವರ ಹೆಂಡತಿಯನ್ನು ನಾನು ಅಮ್ಮಾರೇ ಅನ್ನುತ್ತಿದ್ದೆ. ಬೆಳಿಗ್ಗೆ ಕಂಪ್ಯೂಟರಿಗೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಸ್ವಿಚ್ ಹಾಕುವುದು ಆಕೆಯ ಕೆಲಸ. ಒಂಬತ್ತೂವರೆಗೆ ನಾನು ಬಂದು ಕೂರುವಷ್ಟರಲ್ಲಿ ಎಲ್ಲ ಸಿದ್ಧವಾಗಿರುತ್ತಿತ್ತು.

ಒಂದು ದಿನ ‘ಕ’ ಬಂದಿರಲಿಲ್ಲ. ನಾನೇ ಪ್ರೋಗ್ರಾಮಿನ ಮೇಲೆ ಕ್ಲಿಕ್ ಮಾಡಿದೆ. ಪರದೆಯ ಮೇಲೆ ಮರಳುಗಡಿಯಾರದ ಗುರುತು ಒಂದು ಗಳಿಗೆ ಕಾಣಿಸಿಕೊಂಡು ಮಾಯವಾಯಿತು. ತಪ್ಪೇನು ಅಂತ ಒಂದು ಮಾತಿಲ್ಲ. ತಾನಾಗಿ ಏಳಬೇಕಾದ ಪ್ರೋಗ್ರಾಮುಗಳ ಸ್ಟಾರ್ಟಪ್ ಪಟ್ಟಿಯಲ್ಲಿ ಅದರ ಹೆಸರು ಇದ್ದೇ ಇತ್ತು. ತೆಗೆದು ಮತ್ತೆ ಸೇರಿಸಿದೆ, ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ಅಷ್ಟರಲ್ಲಿ ಲಗ್ನಪತ್ರಿಕೆ ಮಾಡಿಸಲು ಶಾಗ್ಯದಿಂದ ಬಂದವರು ಬೆಂಚಿನಲ್ಲಿ ಕೂತು ನನ್ನ ಬೆನ್ನನ್ನೇ ನೋಡುತ್ತಿದ್ದರು. ಯಜಮಾನರು ಮೈಸೂರಿನ ರಿಪೇರಿಯವನಿಗೆ ಫೋನು ಮಾಡಿದರು. ಎರಡು ದಿನ ಬಿಟ್ಟು ಬರುತ್ತೇನೆ ಅಂದನಂತೆ.

ಅಮ್ಮಾವ್ರು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು, “ನಿಜ ಯೇಳು. ಒರ್ಗಾಗಿದ್ದೀಯಾ?”

ನನ್ನದು ಮೊದಲಿನಿಂದಲೂ ದಿನ ಹಿಂದೆಮುಂದೆ ಆಗುವ ಮೈ. ಅವತ್ತು ಮಾತ್ರ ಆಕೆ ಕೇಳಿದ್ದು ನಿಜವಾಗಿತ್ತು. ಪೆದ್ದಿಯಂತೆ ತಲೆಯಾಡಿಸಿಬಿಟ್ಟೆ. ಆ ತಲೆಯಾಡಿಸಿದ್ದಕ್ಕೆ ನನ್ನ ಮೇಲೆ ನನಗೇ ಇನ್ನೂ ಸಿಟ್ಟಿದೆ.

ಮೂರು ದಿನ ನನ್ನನ್ನು ಬಾಗಿಲ ಬಳಿ ಹಳೇ ಟೈಪ್‌ರೈಟರ್ ಮುಂದೆ ಕೂರಿಸಿದರು. ಮೂರನೇ ದಿನ ಮೈಸೂರಿನವನು ಬಂದ. ಯಾರೂ ಹತ್ತಿರ ಬರಬೇಡಿ ಅಂತ ಹತ್ತು ನಿಮಿಷ ಏನೋ ಮಾಡಿದ. “ಸಾಫ್ಟ್‌ವೇರ್ ಕರಪ್ಟ್ ಆಗಿತ್ತು” ಅಂತ ಹೇಳಿ ದುಡ್ಡು ಇಸಕೊಂಡು ಹೋದ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಬಂದರೆ ಕೆಂಪು ‘ಕ’ ಮೂಲೆಯಲ್ಲಿ ಕೂತಿತ್ತು.

“ನೋಡ್ದಾ?” ಅಂದರು ಅಮ್ಮಾವ್ರು.

ಮುಂದಿನ ತಿಂಗಳು ಮತ್ತೆ ಅದೇ ಆಯಿತು. ನನ್ನ ದಿನ ಇನ್ನೂ ನಾಲ್ಕು ದಿನ ದೂರವಿತ್ತು. ಇಲ್ಲ ಅಂದೆ. ಆಕೆ ನಂಬದೆ, ಮೈಸೂರಿನವನು ಬಂದು ಸರಿ ಮಾಡುವವರೆಗೆ ಮತ್ತೆ ಟೈಪ್‌ರೈಟರ್ ಮುಂದೆ ಕೂರಿಸಿದರು. “ತಿಂಗ್ಳಿಗೊಂದ್ಸಲ ಕಣಮ್ಮಾ, ಸರ್ಯಾಗಿ ತಿಂಗ್ಳಿಗೊಂದ್ಸಲ. ಇನ್ನೇನ್ ಸಾಕ್ಸಿ ಬೇಕು?” ಅಂದರು. ಯಜಮಾನರು ಪೇಪರಿನಿಂದ ಕಣ್ಣೆತ್ತದೆ, “ಇನ್ನೊಂದ್ಸಲ ಇಂಗಾದ್ರೆ ಗಂಡೈಕ್ಳು ಯಾರಾರ ಸಿಕ್ತಾರಾ ನೋಡ್ಬೇಕಾಯ್ತದೆ” ಅಂದರು. ಆ ಕುರ್ಚಿ ಹೋದರೆ ನನಗೆ ಉಳಿಯುವುದು ರೇಷ್ಮೆಗೂಡು ಬೇಯಿಸುವ ಕೆಲಸ. ಬಿಸಿನೀರಿನಲ್ಲಿ ಬೆಂದ ನಮ್ಮಕ್ಕನ ಬೆರಳು ನೋಡಿಯೇ ನಾನು ಟೈಪು ಕಲಿತವಳು.

ಬಸ್ಸಿನಲ್ಲಿ ಕೂತು ಹಲ್ಲು ಕಡಿಯುತ್ತಾ ಯೋಚಿಸಿದೆ. ಆಕೆಯ ಮಾತಿನಲ್ಲಿ ಒಂದು ಮಾತ್ರ ಸರಿಯಿತ್ತು, ತಿಂಗಳಿಗೊಂದು ಸಲ. ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ನೋಡಿದೆ. ಎರಡು ಸಲವೂ ಅಮಾವಾಸ್ಯೆಯ ಮಾರನೇ ದಿನ. ಅಮಾವಾಸ್ಯೆಗೆ ಗಂಡಹೆಂಡಿರಿಬ್ಬರೂ ತಪ್ಪದೆ ದೇವರ ದರ್ಶನಕ್ಕೆ ಬೆಟ್ಟಕ್ಕೆ ಹೋಗುತ್ತಿದ್ದರು, ಅಂಗಡಿಗೆ ಎರಡು ದಿನ ಬೀಗ. ಆ ಎರಡು ದಿನ ನಾನು ಕಾಮಗೆರೆಯಲ್ಲಿ, ಕಂಪ್ಯೂಟರ್ ಕೊಳ್ಳೇಗಾಲದಲ್ಲಿ. ಊರು ಬಿಡುವಾಗ ಅದನ್ನು ಕೊನೆಯದಾಗಿ ಮುಟ್ಟುತ್ತಿದ್ದವರು ಯಜಮಾನರೇ. ಮನೆಗೂ ಅಂಗಡಿಗೂ ಸೇರಿದ ಮೇನ್ ಸ್ವಿಚ್ಚನ್ನು ಇಳಿಸಿ ಹೋಗುತ್ತಿದ್ದರು.

ಮೂರನೇ ಅಮಾವಾಸ್ಯೆಯ ಮಾರನೇ ದಿನ ಮೊದಲನೇ ಬಸ್ಸಿಗೇ ಬಂದೆ. ಅಮ್ಮಾವ್ರು ಊದುಬತ್ತಿ ಬೆಳಗಿ ಸ್ವಿಚ್ ಹಾಕಿದರು. ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂತು. ಆಕೆಯ ಬೆರಳು ನೆಟ್ಟಗೆ ಮೇಲಿನ ಸಾಲಿನ ಒಂದು ಕೀಗೆ ಹೋಯಿತು. ನಾನು ಆಕೆಯ ಕೈ ಹಿಡಿದುಕೊಂಡೆ.

“ಇದೇನಿದು ಅಮ್ಮಾರೇ?”

“ಬೆಟ್ಟದಿಂದ ಬಂದ್ ದಿಸ್ವೆಲ್ಲಾ ಬತ್ತದೆ. ಬಂದ್ರೆ ಇದ್ನ ಒತ್ಬುಡಿ ಅಂತ ಮೈಸೂರ್ನವ್ನೇ ಯೇಳವ್ನೆ.”

ಬ್ಯಾಟರಿ ಕುಂದಿದೆ, ತಾರೀಖು ತಪ್ಪಿದೆ, ನೋಡಿಕೊಳ್ಳಿ ಅಂತ ಕಂಪ್ಯೂಟರೇ ಬರೆದು ತೋರಿಸುತ್ತಿತ್ತು. ಒಂದು ಸಲ ಒತ್ತಿದರೆ ಅವತ್ತು ಮತ್ತೆ ಬರುತ್ತಿರಲಿಲ್ಲ. ನಾನು ಬರುವ ಮುಂಚೆ ಆಕೆ ಅದನ್ನು ತಿಂಗಳು ತಿಂಗಳೂ ಒತ್ತಿ ಅಳಿಸಿಹಾಕಿ, ಆಮೇಲೆ ನನ್ನನ್ನು ಕಾರಣ ಕೇಳುತ್ತಿದ್ದರು. ಕಂಪ್ಯೂಟರಿನ ತಾರೀಖು ತೆರೆದು ನೋಡಿದೆ. ಸಾವಿರದ ಒಂಬೈನೂರ ಎಂಬತ್ತನೇ ಇಸವಿ, ಜನವರಿ ಒಂದು. ಮಾಮೂಲಿ ದಿನ ಪ್ಲಗ್ಗಿನ ಕರೆಂಟಿನಲ್ಲೇ ಗಡಿಯಾರ ನಡೆಯುತ್ತಿತ್ತು. ಎರಡು ದಿನ ಮೇನ್ ಇಳಿಸಿದರೆ ಒಳಗಿನ ಕುಂದಿದ ಬ್ಯಾಟರಿ ಅದನ್ನು ಹಿಡಿದಿಡಲಾರದೆ ತಾರೀಖು ಹಿಂದಕ್ಕೆ ಬೀಳುತ್ತಿತ್ತು. ತನ್ನನ್ನು ಕೊಳ್ಳುವ ಮೊದಲಿನ ತಾರೀಖು ಕಂಡ ಕನ್ನಡ ಪ್ರೋಗ್ರಾಂ ಯಾರೋ ತಾರೀಖು ತಿರುಚಿ ಮೋಸ ಮಾಡುತ್ತಿದ್ದಾರೆ ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಿತ್ತು. ತಾರೀಖು ತಿದ್ದಿ ಮತ್ತೆ ಆನ್ ಮಾಡಿದೆ. ‘ಕ’ ಎದ್ದು ಬಂತು.

ಆ ಮೈಸೂರಿನವನು ಹತ್ತು ನಿಮಿಷ ಮಾಡುತ್ತಿದ್ದದ್ದೂ ಇಷ್ಟೇ. ಅವನಿಗೆ ಗೊತ್ತಿತ್ತು. ಹೇಳಿದ್ದರೆ ತಿಂಗಳ ದಕ್ಷಿಣೆ ತಪ್ಪುತ್ತಿತ್ತಲ್ಲ. ಅವನ ಹೊಟ್ಟೆಪಾಡಿಗೆ ನನ್ನ ಮೈ ಬಲಿಯಾಗಿತ್ತು.

ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿ ಅಂಗಡಿಯಲ್ಲಿ ನಾಣ್ಯದಷ್ಟಗಲದ ಒಂದು ಬ್ಯಾಟರಿ ತಂದೆ. ಸ್ಕ್ರೂ ಬಿಚ್ಚಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, ತಾರೀಖು ಮತ್ತೊಮ್ಮೆ ತಿದ್ದಿದೆ. ಯಜಮಾನರಿಗೆ ಹೇಳಿ ಮೇನ್ ಇಳಿಸಿ, ಒಂದು ಗಂಟೆ ಬಿಟ್ಟು ಏರಿಸಿದೆ. ಕಪ್ಪು ಪರದೆ ಏನೂ ಕೇಳಲಿಲ್ಲ. ‘ಕ’ ತಾನಾಗಿಯೇ ಬಂತು.

“ಓ, ಬ್ಯಾಟ್ರಿದಾ” ಅಂದರು ಯಜಮಾನರು. ಅಷ್ಟೇ.

ಅಮ್ಮಾವ್ರು ಮಾತ್ರ, “ಆದ್ರೂವೆ, ಆ ಮೂರ್ ದಿನ ನೀನು ಮುಟ್ಬ್ಯಾಡ ಕಣಮ್ಮಾ. ನಮ್ ಸಮಾದಾನಕ್ಕೆ” ಅಂದರು.

“ಇವತ್ತು ನಂಗೆ ಎಲ್ಡನೇ ದಿನ ಅಮ್ಮಾರೇ. ಬ್ಯಾಟ್ರಿ ಆಕಿದ್ದು ಇದೇ ಕೈಯಿ” ಅಂದೆ. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳಿದ್ದರು. ಇರಲಿ ಅನ್ನಿಸಿತು.

ಆಕೆ ಒಳಗೆ ಹೋಗಿ ಒಂದು ಲೋಟದಲ್ಲಿ ಅರಿಶಿನದ ನೀರು, ಮಾವಿನೆಲೆ ತಂದರು. ಎಲೆ ಅದ್ದಿ ಕಂಪ್ಯೂಟರಿನ ಕಡೆ ಕೈ ಎತ್ತಿದ್ದೇ ತಡ, ಮೂರು ತಿಂಗಳಿಂದ ಕುರ್ಚಿ ಬಿಟ್ಟು ಏಳದಿದ್ದ ಯಜಮಾನರು ಎದ್ದು ಬಂದು ಅಡ್ಡ ನಿಂತರು. “ಲೇ, ನೀರು ಬಿದ್ರೆ ಮಿಷನ್ನು ಕೆಟ್ಟೋಯ್ತದೆ. ಬೇಕಾದ್ರೆ ಅವ್ಳ ಮ್ಯಾಲೆ ಚಿಮುಕ್ಸು.”

“ಮಿಷನ್ನೇ ವಾಸಿ ಸಾ” ಅಂದೆ. “ಅದಕ್ಕಾದ್ರೂ ನೀವು ಅಡ್ಡ ಬಂದ್ರಿ.” ಬ್ಯಾಗು ತಗೊಂಡು ಹೊರಟೆ. ಆಮೇಲೆ ಎರಡು ಸಲ ಹೇಳಿಕಳಿಸಿದರು, ನಾನು ಹೋಗಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಕಾಮಗೆರೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಆ ಗಂಡಹೆಂಡಿರಿಬ್ಬರಿಗೂ ಬಾಯಿಗೆ ಬಂದಂತೆ ಬೈದಳು. ಅವರ ವಂಶವನ್ನೇ ಜಾಲಾಡಿದಳು. ಬೈಯುತ್ತಲೇ ಮುದ್ದೆ ಸಾರು ಬಡಿಸಿದ ತಟ್ಟೆ ತಂದು, ನನ್ನ ಕೈಗೆ ತಗುಲದಂತೆ ಜಗುಲಿಯ ಮೇಲಿಟ್ಟು ಹಿಂದಕ್ಕೆ ಸರಿದಳು, ಪ್ರತಿ ತಿಂಗಳೂ ಇಡುತ್ತಿದ್ದಂತೆ. ಹತ್ತು ವರ್ಷ ಆ ತಟ್ಟೆಯಲ್ಲಿ ತಿಂದಿದ್ದೆ, ಒಂದು ದಿನವೂ ಏನೂ ಅನ್ನಿಸಿರಲಿಲ್ಲ. ಅವತ್ತು ತಟ್ಟೆ ಎತ್ತಿಕೊಂಡು ಹೊಸಿಲು ದಾಟಿ ಹೋಗಿ ಒಲೆಯ ಪಕ್ಕ ಕೂತೆ. ಅಮ್ಮನ ಬೈಗುಳ ಅರ್ಧಕ್ಕೇ ನಿಂತಿತು.